ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತದಿಂದ ಮೈಲೇಜು ಹೆಚ್ಚುತ್ತದೆಯೇ?

ಪ್ರಶ್ನೆ (ಸೋಮವಾರಪೇಟೆ)

ಮಾನ್ಯರೇ, ತೋಟದ ಕೆಲಸಕ್ಕೆ ಹಳೆಯ ಡೀಸೆಲ್ ಪಿಕಪ್ ಇಟ್ಟುಕೊಂಡಿದ್ದೇನೆ. ಬಿಡಿಭಾಗಗಳ ಅಂಗಡಿಯೊಂದರಲ್ಲಿ ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತದ ಜೋಡಿಯನ್ನು ತೋರಿಸಿ, ಇಂಧನದ ಕಣಗಳು ಬಿಡಿಬಿಡಿಯಾಗಿ ಚೆನ್ನಾಗಿ ಉರಿಯುತ್ತವೆ ಎಂದದ್ದರಿಂದ ಕೊಂಡು ಕಟ್ಟಿದೆ. ಅಂದೇ ಮೊಬೈಲ್ ಅಂಟಿಸುವ ಅಯಸ್ಕಾಂತದ ಹೋಲ್ಡರನ್ನೂ ಹಾಕಿಸಿದೆ. ಈಗ ಮಾದಾಪುರದಲ್ಲಿ ಗಾಡಿ ನಿಲ್ಲಿಸಿ ನಕ್ಷೆ ನೋಡಿದರೆ, ಮಡಿಕೇರಿಯ ಕಡೆಗಿರಬೇಕಾದ ಬಾಣ ಎತ್ತಲೋ ತಿರುಗಿರುತ್ತದೆ. ಹೊರಟ ಮೇಲೆ ತಾನಾಗಿ ಸರಿಯಾಗುತ್ತದೆ. ಮೈಲೇಜು ಒಮ್ಮೆ ಏರಿದಂತೆ, ಒಮ್ಮೆ ಇಳಿದಂತೆ ಕಾಣುತ್ತದೆ. ಬಲ್ಲವರು ತಿಳಿಸಬೇಕು.

ಉತ್ತರ 1 (ಮಡಿಕೇರಿ, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ)

ಮೊದಲು ಬಾಣದ ವಿಷಯ. ನೀವಿರುವ ಸ್ಥಳ ಉಪಗ್ರಹಗಳ ರೇಡಿಯೊ ಸಂಕೇತದಿಂದ ತಿಳಿಯುವುದರಿಂದ ಅಯಸ್ಕಾಂತ ಅದನ್ನು ಕೆಡಿಸದು. ಗಾಡಿ ಚಲಿಸುವಾಗ ದಿಕ್ಕೂ ಅದರಿಂದಲೇ ಸಿಗುತ್ತದೆ; ನಿಂತಾಗ ಮಾತ್ರ ಮೊಬೈಲು ತನ್ನೊಳಗಿನ ದಿಕ್ಸೂಚಿಯನ್ನು ನೆಚ್ಚುತ್ತದೆ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಬೆನ್ನಿಗಂಟಿದ ಹೋಲ್ಡರಿನ ಕ್ಷೇತ್ರ ಅದರ ನೂರಾರು ಪಟ್ಟಿರುವಾಗ ಪಾಪ, ದಿಕ್ಸೂಚಿ ಏನು ಮಾಡೀತು? ಕ್ಲಿಪ್ಪಿನ ಹೋಲ್ಡರ್ ಹಾಕಿ, ಮೊಬೈಲನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ನಾಲ್ಕಾರು ಸಲ ತಿರುಗಿಸಿದರೆ ಸರಿಹೋಗುತ್ತದೆ.

ಡೀಸೆಲ್ಲಿನ ಮಾತು ಬೇರೆ. ಅದು ಇಂಗಾಲ ಮತ್ತು ಜಲಜನಕದ ಸಂಯುಕ್ತಗಳ ಮಿಶ್ರಣ. ಅಯಸ್ಕಾಂತ ಅದನ್ನು ಸೆಳೆಯುವುದಿಲ್ಲ, ಅತ್ಯಂತ ಕ್ಷೀಣವಾಗಿ ದೂರ ತಳ್ಳುತ್ತದೆ, ಮತ್ತು ಪೈಪಿನ ಆ ಭಾಗವನ್ನು ದಾಟಿದ ಮೇಲೆ ಆ ಪರಿಣಾಮದ ಗುರುತೂ ಉಳಿಯುವುದಿಲ್ಲ. ಸಂಪಾಜೆ ಘಾಟಿ ಇಳಿದ ದಿನದ ಲೆಕ್ಕವನ್ನೂ ಗೊಬ್ಬರದ ಮೂಟೆ ಹೇರಿಕೊಂಡು ಹತ್ತಿದ ದಿನದ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟರೆ ಯಾವ ತಾಯತ ಕಟ್ಟಿದರೂ ಮೈಲೇಜು ಏರಿಳಿದಂತೆಯೇ ಕಾಣುತ್ತದೆ.

ಉತ್ತರ 2 (ಕುಶಾಲನಗರ, ಗ್ಯಾರೇಜು)

ಮೇಷ್ಟ್ರು ಹೇಳಿದ್ದು ಸರಿ. ಆದರೆ ಗಾಡಿಯಲ್ಲಿ ಅಯಸ್ಕಾಂತಕ್ಕೆ ಕೆಲಸವೇ ಇಲ್ಲವೆಂದು ತಿಳಿಯಬಾರದು. ಸ್ಟಾರ್ಟರ್, ಡೈನಮೋ, ಹಾರ್ನ್, ಮಳೆಗಾಲದಲ್ಲಿ ಬಿಡುವೇ ಇಲ್ಲದ ವೈಪರಿನ ಮೋಟಾರು, ಎಲ್ಲವೂ ನಡೆಯುವುದು ಅದರಿಂದಲೇ. ಕೇಬಲ್ಲಿನ ಹಳೆಯ ಸ್ಪೀಡೋಮೀಟರನ್ನು ಬಿಚ್ಚಿದರೆ ಅಲ್ಯೂಮಿನಿಯಂ ಬಟ್ಟಲಿನೊಳಗೆ ಅಯಸ್ಕಾಂತ ತಿರುಗುವುದು ಕಾಣುತ್ತದೆ. ಅಲ್ಯೂಮಿನಿಯಂ ಅದಕ್ಕೆ ಅಂಟುವುದಿಲ್ಲ, ಆದರೂ ಬಟ್ಟಲಿನಲ್ಲಿ ಹುಟ್ಟುವ ಸುಳಿವಿದ್ಯುತ್ತು ಸ್ಪ್ರಿಂಗಿನ ವಿರುದ್ಧ ಮುಳ್ಳನ್ನು ಎಳೆದೊಯ್ಯುತ್ತದೆ. ಹಣ ಕೊಡುವುದಾದರೆ ಗೇರ್‌ಬಾಕ್ಸಿಗೆ ಅಯಸ್ಕಾಂತದ ಡ್ರೈನ್ ಬೋಲ್ಟ್ ಹಾಕಿಸಿ. ಆಯಿಲ್ ಬದಲಿಸುವಾಗ ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಮೆತ್ತೆ ಇದ್ದರೆ ಸಾಮಾನ್ಯ ಸವೆತ. ಚಕ್ಕೆಗಳು ಸಿಕ್ಕರೆ ಗಾಡಿಯನ್ನು ಗ್ಯಾರೇಜಿಗೆ ತರಲು ತಡಮಾಡಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಹೋಲ್ಡರ್ ಬದಲಿಸಿದ ಮೇಲೆ ಬಾಣ ಸರಿಯಾಗಿದೆ. ಪೈಪಿನಿಂದ ಬಿಚ್ಚಿದ ಜೋಡಿಯನ್ನು ಪಲ್ಪರಿಗೆ ಕಾಫಿ ಹಣ್ಣು ಇಳಿಯುವ ಹಾದಿಯಲ್ಲಿ ಕೂರಿಸಿದ್ದೇನೆ. ಮೊದಲ ದಿನವೇ ಒಂದು ಮೊಳೆ ಮತ್ತು ಬೇಲಿಯ ತಂತಿಯ ತುಂಡು ಅದಕ್ಕೆ ಅಂಟಿದ್ದವು.