ಆರ್‌ಎಕ್ಸ್ 100: ಕಾರ್ಬೊರೇಟರ್ ಕ್ಲೀನ್ ಮಾಡಿ ಕೂರಿಸಿದ ಮೇಲೆ ಸ್ಟಾರ್ಟೇ ಆಗ್ತಿಲ್ಲ

ತುಮಕೂರು_ಆರ್‌ಎಕ್ಸ್

ಗಾಡಿ 1994ರ ಯಮಹಾ ಆರ್‌ಎಕ್ಸ್ 100. ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಗಾಡಿಯ ಜೊತೆ ಬಂದ ಒರಿಜಿನಲ್ ವಿಎಂ ಮಾದರಿಯದೇ. ಮಳೆಗಾಲ ಪೂರ್ತಿ ನಿಂತಿತ್ತು. ಸ್ಟಾರ್ಟ್ ಆಗ್ತಿತ್ತು, ಐಡಲ್ ಮಾತ್ರ ನಿಲ್ತಿರಲಿಲ್ಲ. ಅದಕ್ಕೆ ಕಾರ್ಬೊರೇಟರ್ ಇಳಿಸಿ, ಮೇನ್ ಜೆಟ್, ಸ್ಲೋ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡುಗಳು) ಬಿಚ್ಚಿ ಸ್ಪ್ರೇ ಹೊಡೆದು, ಒಣಗಿಸಿ ವಾಪಸ್ ಕೂರಿಸಿದ್ದೇನೆ. ಈಗ ಚೋಕ್ ಹಾಕಿ ಎಷ್ಟು ಕಿಕ್ ಹೊಡೆದರೂ ಹಿಡಿಯುತ್ತಿಲ್ಲ. ಪ್ಲಗ್ ತೆಗೆದು ನೋಡಿದರೆ ಒಣಗಿದೆ. ಪ್ಲಗ್ ತೂತಿಗೆ ಸ್ವಲ್ಪ ಪೆಟ್ರೋಲ್ ಬಿಟ್ಟು ಕಿಕ್ ಹೊಡೆದರೆ ಎರಡು ಸೆಕೆಂಡ್ ಓಡಿ ಆಫ್ ಆಗುತ್ತೆ. ಸಿಡಿಐ (ಪ್ಲಗ್‌ಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ) ಬದಲಾಯಿಸಿ ಅಂತ ಒಬ್ಬ ಮೆಕ್ಯಾನಿಕ್ ಹೇಳಿದ್ದಾರೆ. ಬದಲಾಯಿಸಲೇಬೇಕಾ? ಕಾರ್ಬೊರೇಟರ್ ಇಳಿಸುವಾಗ 2ಟಿ ಆಯಿಲ್ (ಟೂಸ್ಟ್ರೋಕ್ ಇಂಜಿನ್ ಎಣ್ಣೆ) ಪೈಪ್ ಕೂಡ ಕಳಚಿದ್ದೆ.

ಮಲ್ನಾಡ್_ಟೂಸ್ಟ್ರೋಕ್

ಸಿಡಿಐಗೆ ದುಡ್ಡು ಹಾಕಬೇಡಿ ಸರ್. ಬಿಟ್ಟ ಪೆಟ್ರೋಲ್‌ನಲ್ಲಿ ಎರಡು ಸೆಕೆಂಡ್ ಓಡಿತು ಅಂದರೆ ಸ್ಪಾರ್ಕ್ ಇದೆ, ಕಂಪ್ರೆಶನ್ ಇದೆ. ಪೆಟ್ರೋಲ್ ಸಿಲಿಂಡರ್‌ವರೆಗೆ ಬರುತ್ತಿಲ್ಲ, ಅಷ್ಟೇ. ಎಲ್ಲಿ ನಿಂತಿದೆ ಅಂತ ಟ್ಯಾಂಕಿನಿಂದ ಕೆಳಕ್ಕೆ ಹುಡುಕಿಕೊಂಡು ಬನ್ನಿ.

ಮೊದಲು ಕಾರ್ಬೊರೇಟರ್ ಬೌಲಿನ (ಪೆಟ್ರೋಲ್ ನಿಲ್ಲುವ ಕೆಳಗಿನ ಬಟ್ಟಲು) ತಳದಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ, ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಆನ್ ಮಾಡಿ, ಕೆಳಗೆ ಬಾಟಲಿ ಹಿಡಿಯಿರಿ. ಒಂದೇ ಸಮನೆ ಧಾರೆ ಬರುತ್ತಲೇ ಇದ್ದರೆ ಟ್ಯಾಂಕ್, ಕಾಕ್, ಫ್ಲೋಟ್ ನೀಡಲ್ (ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿ) ಮೂರೂ ಸರಿ. ಮೊದಲು ಬಂದು ಆಮೇಲೆ ಹನಿಗೆ ಇಳಿದರೆ ಟ್ಯಾಂಕಿನ ಮುಚ್ಚಳ ತೆಗೆದು ಮತ್ತೆ ನೋಡಿ. ಆಗ ಧಾರೆ ಹೆಚ್ಚಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ ಅರ್ಥ. ಹೆಚ್ಚಾಗದಿದ್ದರೆ ಕಾಕ್ ಒಳಗಿನ ಜಾಲರಿ ನೋಡಿ, ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಅದು ತುಕ್ಕಿನ ಪುಡಿ ಹಿಡಿದಿರುತ್ತೆ.

ಬೌಲಿಗೆ ಪೆಟ್ರೋಲ್ ಚೆನ್ನಾಗಿ ಬಂದು ಪ್ಲಗ್ ಮಾತ್ರ ಒಣಗಿದ್ದರೆ ನನ್ನ ಅನುಮಾನ ನೇರವಾಗಿ ಚೋಕ್ ಮೇಲೆ. ಈ ಕಾರ್ಬೊರೇಟರ್‌ನ ಚೋಕ್ ಗಾಳಿ ಮುಚ್ಚುವ ತಗಡಲ್ಲ. ಲಿವರ್ ಎತ್ತಿದಾಗ ಒಳಗೆ ಸಣ್ಣ ಪ್ಲಂಜರ್ ಮೇಲೆದ್ದು, ಹೆಚ್ಚುವರಿ ಪೆಟ್ರೋಲ್‌ಗೆ ಬೇರೆಯದೇ ದಾರಿ ತೆರೆದುಕೊಳ್ಳುತ್ತೆ. ಆ ಪೆಟ್ರೋಲ್ ಬರುವುದು ಬೌಲಿನ ಮೂಲೆಯಲ್ಲಿರುವ ಬಾವಿಯಂಥ ಸಣ್ಣ ಗುಂಡಿಯಿಂದ. ಬಾಡಿಯಿಂದ ಇಳಿದಿರುವ ಹಿತ್ತಾಳೆ ಕೊಳವೆ ಈ ಗುಂಡಿಯೊಳಗೆ ಕೂರುತ್ತೆ, ಗುಂಡಿಯ ಬುಡದಲ್ಲಿ ಒಂದು ಸಣ್ಣ ತೂತು. ಜೆಟ್‌ಗಳನ್ನೆಲ್ಲ ಬಿಚ್ಚಿ ತೊಳೆಯುವವರೂ ಈ ತೂತನ್ನು ನೋಡುವುದೇ ಇಲ್ಲ, ಯಾಕಂದರೆ ಅದು ಬೌಲಿನಲ್ಲಿದೆ, ಬಾಡಿಯಲ್ಲಲ್ಲ. ಹಳೆ ಪೆಟ್ರೋಲ್ ಆರಿದಾಗ ತಳಕ್ಕೆ ಇಳಿಯುವ ಅಂಟು ಮೊದಲು ಕೂರುವುದೇ ಅಲ್ಲಿ. ಅದು ಕಟ್ಟಿದರೆ ಚೋಕ್ ಎತ್ತಿದರೂ ಬರೀ ಗಾಳಿ ಬರುತ್ತೆ, ತಣ್ಣಗಿರುವ ಇಂಜಿನ್ ಹಿಡಿಯಲ್ಲ.

ವೈರಿನೊಳಗಿನ ತಾಮ್ರದ ಒಂದೇ ಒಂದು ಎಳೆ ತೆಗೆದು ತೂರಿಸಿ. ಗುಂಡುಸೂಜಿ, ಸ್ಟೀಲ್ ತಂತಿ ಬೇಡ. ತೂತು ದೊಡ್ಡದಾದರೆ ಮತ್ತೆ ಚಿಕ್ಕದು ಮಾಡೋಕಾಗಲ್ಲ. ಆಮೇಲೆ ಸ್ಪ್ರೇ, ಗಾಳಿ. ಸ್ಪ್ರೇ ಹೊಡೆಯುವ ಮುಂಚೆ ಓ-ರಿಂಗ್, ಫ್ಲೋಟ್ ನೀಡಲ್ ಎತ್ತಿಡಿ, ಕಣ್ಣಿಗೆ ಕನ್ನಡಕ ಇರಲಿ.

ಇನ್ನೊಂದು ಮಾತು. ಈ ಚೋಕ್ ಕೆಲಸ ಮಾಡಬೇಕಾದರೆ ಆಕ್ಸಿಲರೇಟರ್ ಪೂರ್ತಿ ಮುಚ್ಚಿರಬೇಕು. ಸ್ವಲ್ಪ ತಿರುಗಿಸಿದರೂ ಆ ದಾರಿಯ ಎಳೆತ ಕಮ್ಮಿಯಾಗಿ ಪೆಟ್ರೋಲ್ ಮೇಲೇರಲ್ಲ. ಐಡಲ್ ಸ್ಕ್ರೂ ತುಂಬಾ ಒಳಗೆ ತಿರುಗಿಸಿದ್ದರೂ ಅದೇ ಕಥೆ.

ಸ್ಪ್ಯಾನರ್_10ನಂಬರ್

ಮೇಲಿನದಕ್ಕೆ ಸೇರಿಸುತ್ತೇನೆ: ಸ್ಲೈಡ್ (ಆಕ್ಸಿಲರೇಟರ್ ತಿರುಗಿಸಿದಾಗ ಕಾರ್ಬೊರೇಟರ್ ಒಳಗೆ ಏರಿ ಇಳಿಯುವ ಭಾಗ) ಸರಿಯಾಗಿ ಕೂತಿದೆಯಾ ನೋಡಿ. ಸ್ಲೈಡಿನ ಬುಡದಲ್ಲಿ ಓರೆಯಾಗಿ ಕತ್ತರಿಸಿದ ಭಾಗ ಏರ್ ಫಿಲ್ಟರ್ ಕಡೆಗೇ ಇರಬೇಕು. ಉಲ್ಟಾ ಹೋದರೆ ಸ್ಲೈಡ್ ಪೂರ್ತಿ ಇಳಿಯಲ್ಲ, ಚೋಕ್ ಕೆಲಸ ಮಾಡಲ್ಲ. ಗಾಡಿ ಹಿಡಿದರೂ ಕೂಗಿಕೊಂಡು ಏರಿಬಿಡುತ್ತೆ. ಕ್ಯಾಪ್ ಬಿಗಿ ಮಾಡಿ ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ‘ಟಕ್’ ಅಂತ ಕೆಳಗೆ ಬಡಿಯುವ ಸದ್ದು ಕೇಳಬೇಕು.

ಕಾರ್ಬೊರೇಟರ್‌ಗೂ ಸಿಲಿಂಡರ್‌ಗೂ ಮಧ್ಯದ ಇನ್‌ಟೇಕ್ ರಬ್ಬರನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಇಷ್ಟು ಹಳೆ ರಬ್ಬರ್ ಹೊರಗಿನಿಂದ ಚೆನ್ನಾಗಿ ಕಂಡರೂ ಬಗ್ಗಿಸಿದಾಗ ಬಿರುಕು ಬಾಯಿ ಬಿಡುತ್ತೆ. ಕಾರ್ಬೊರೇಟರ್ ಎಳೆದು ತೆಗೆಯುವಾಗಲೇ ಹರಿದಿರುವ ಸಾಧ್ಯತೆಯೂ ಇದೆ.

ತುಮಕೂರು_ಆರ್‌ಎಕ್ಸ್

ಡ್ರೈನ್‌ನಲ್ಲಿ ಧಾರೆ ಚೆನ್ನಾಗಿದೆ. ಸ್ಲೈಡ್, ರಬ್ಬರ್ ಸರಿ ಇವೆ. ಬೌಲಿನ ಗುಂಡಿಯ ತೂತು ಪೂರ್ತಿ ಕಟ್ಟಿತ್ತು, ಹಸಿರು ಅಂಟು ಬಂತು. ಈಗ ಚೋಕ್‌ನಲ್ಲಿ ಸ್ಟಾರ್ಟ್ ಆಗುತ್ತೆ. ಚೋಕ್ ಇಳಿಸಿದ ತಕ್ಷಣ ಆಫ್. ಇನ್ನೊಂದು ತೊಂದರೆ: ಕಾಕ್ ಆನ್ ಇಟ್ಟು ಹತ್ತು ನಿಮಿಷ ಬಿಟ್ಟರೆ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಸೋರುತ್ತೆ.

ಹುಬ್ಬಳ್ಳಿ_ಗ್ಯಾರೇಜ್

ಚೋಕಿನ್ಯಾಗ ಓಡತೈತಿ, ತಗದ ಕೂಡ್ಲೆ ಬಂದ್ ಆಗತೈತಿ ಅಂದ್ರ ಸ್ಲೋ ಜೆಟ್ ದಾರಿ ಇನ್ನೂ ಕಟ್ಟೇತ್ರಿ. ಮೊದಲ ಐಡಲ್ ನಿಲ್ತಿರಲಿಲ್ಲ ಅಂದ್ರಲ್ಲ, ಅದೂ ಇದ ರೋಗ. ಜೆಟ್ ಬೆಳಕಿಗೆ ಹಿಡೀರಿ, ದುಂಡಗ ಒಂದು ಚುಕ್ಕಿ ಬೆಳಕು ಕಾಣಬೇಕು. ಕಂಡ್ರೂ ಅಷ್ಟಕ್ಕ ಬಿಡಬ್ಯಾಡ್ರಿ. ಏರ್ ಸ್ಕ್ರೂ ಪೂರ್ತಿ ಬಿಚ್ಚಿ ತಗದು, ಜೆಟ್ ಕೂಡೋ ತೂತಿನ್ಯಾಗ ಸ್ಪ್ರೇದ ಕೊಳವಿ ಬಿಗಿಯಾಗಿ ಹಿಡಿದು ಹೊಡೀರಿ. ಸ್ಲೈಡ್ ಬುಡದ ಹತ್ರ, ಇಂಜಿನ್ ಕಡೆ ಇರೋ ಸಣ್ಣ ತೂತಿನ್ಯಾಗೂ ಬರಬೇಕು, ಏರ್ ಸ್ಕ್ರೂ ತೂತಿನ್ಯಾಗೂ ಬರಬೇಕು. ಯಾವದರಾಗ ಬರಂಗಿಲ್ಲೋ ಅಲ್ಲಿ ಕಟ್ಟೇತಿ. ಸ್ಪ್ರೇ ತುಂಬಿ ರಾತ್ರಿ ಬಿಟ್ಟು, ಮುಂಜಾನಿ ಕಂಪ್ರೆಸರ್ ಗಾಳಿ ಹಿಡೀರಿ.

ರಿಪೇರಿ ಕಿಟ್ ತಂದಿದ್ರ ಅದರಾಗಿನ ಜೆಟ್ ಹಾಕಬ್ಯಾಡ್ರಿ. ಮ್ಯಾಲೆ ಬರದ ನಂಬರಿಗೂ ಒಳಗಿನ ತೂತಿಗೂ ಸಂಬಂಧ ಇಲ್ಲದಂಥವು ಭಾಳ ಬರ್ತಾವ. ಹಳೇ ಹಿತ್ತಾಳಿ ಜೆಟ್ ತೊಳದು ಹಾಕೂದ ಚಲೋ.

ಸೋರೂದು ಫ್ಲೋಟ್ ನೀಡಲ್ಲಿಂದ. ತುದಿ ಸುತ್ತ ಉಗುರು ಆಡಿಸ್ರಿ, ಗೆರಿ ತಗಲಿದ್ರ ನೀಡಲ್ ಹೊಸಾದು ಹಾಕ್ರಿ. ಅದು ಕೂಡೋ ಹಿತ್ತಾಳಿ ಸೀಟಿನ್ಯಾಗ ಕಸ ಇದ್ರ ಹತ್ತಿ ಕಡ್ಡೀಲೆ ಒರಸ್ರಿ, ಎಮರಿ ಪೇಪರ್ ಹಚ್ಚಬ್ಯಾಡ್ರಿ. ಆಮ್ಯಾಲ ಕಾರ್ಬೊರೇಟರ್ ತಲಿಕೆಳಗ ಮಾಡಿ, ಫ್ಲೋಟಿನ ನಾಲಗಿ ನೀಡಲ್ಲಿನ ಸ್ಪ್ರಿಂಗ್ ಅದುಮದಂಗ ಬರೇ ಮುಟ್ಟಿದಾಗ ಫ್ಲೋಟು ಗ್ಯಾಸ್ಕೆಟ್ ಮುಖಕ್ಕ ಸಮಾಂತರ ಐತೇನು ನೋಡ್ರಿ.

ಮಲ್ನಾಡ್_ಟೂಸ್ಟ್ರೋಕ್

ಸೋರಿದ ಪೆಟ್ರೋಲ್ ಹೊರಗಷ್ಟೇ ಹೋಗಿರಲ್ಲ, ಇಂಜಿನ್ ತಳದ ಕ್ರ್ಯಾಂಕ್‌ಕೇಸ್‌ಗೂ ಇಳಿದಿರಬಹುದು. ಮುಂದಿನ ಸಲ ಪ್ಲಗ್ ತೊಯ್ದು ಬಂದರೆ ಚೋಕ್ ಹಾಕಿ ಕಿಕ್ ಹೊಡೆದಷ್ಟೂ ಕೆಡುತ್ತೆ. ಕಾಕ್ ಆಫ್, ಕೀ ಆಫ್, ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ತೆರೆದು ಆವಿ ಬರುವುದು ನಿಲ್ಲುವವರೆಗೆ ಕಿಕ್ ಹೊಡೆಯಿರಿ. ಕೀ ಆನ್ ಇದ್ದರೆ ಕಿಡಿ ತಾಗಿ ಹೊತ್ತಿಕೊಳ್ಳುತ್ತೆ, ಅದನ್ನು ಮರೆಯಬೇಡಿ. ಪ್ಲಗ್ ಒಣಗಿಸಿ, ಗ್ಯಾಪ್ 0.7 ಮಿಮೀ ಆಸುಪಾಸು ಇಟ್ಟು ಹಾಕಿ.

ಏರ್ ಸ್ಕ್ರೂವನ್ನು ಮೆತ್ತಗೆ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ ಶುರು ಮಾಡಿ. ಇದು ಫಿಲ್ಟರ್ ಕಡೆಯ ಸ್ಕ್ರೂ, ಅಂದರೆ ಗಾಳಿಯದು: ಒಳಗೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚು, ಹೊರಗೆ ತಿರುಗಿಸಿದರೆ ಕಮ್ಮಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ತಿರುಗಿಸಿ, ಐಡಲ್ ಎಲ್ಲಿ ಅತಿ ಹೆಚ್ಚು ಏರುತ್ತೋ ಅಲ್ಲಿ ಬಿಟ್ಟು, ಐಡಲ್ ಸ್ಕ್ರೂನಿಂದ ವೇಗ ಇಳಿಸಿ.

ಆಯಿಲ್ ಪೈಪ್ ಕಳಚಿದ್ದೇನೆ ಅಂದಿರಿ, ಅದನ್ನು ಯಾರೂ ಗಮನಿಸಿಲ್ಲ. ಪೈಪಿನೊಳಗೆ ಗಾಳಿ ಇದ್ದರೆ ಎಣ್ಣೆಯಿಲ್ಲದೆ ಓಡಿ ಪಿಸ್ಟನ್ ಬಿಗಿದು ಸೀಜ್ ಆಗುತ್ತೆ, ಹಳೆ ಸಿಲಿಂಡರ್ ಹಾಳಾಗುತ್ತೆ. ಗಾಡಿ ಓಡಿಸುವ ಮುಂಚೆ ಟ್ಯಾಂಕಿನಲ್ಲಿ ಲೀಟರಿಗೆ 30 ಎಂಎಲ್ 2ಟಿ ಬೆರೆಸಿ. ಆಯಿಲ್ ಪಂಪಿನ ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ತೆಗೆದು, ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ ಬಿಟ್ಟು ಮುಚ್ಚಿ. ನಂತರ ಸ್ಟಾರ್ಟ್ ಮಾಡಿ, ಪಂಪಿನ ಕೇಬಲ್ ಕೈಯಲ್ಲಿ ಪೂರ್ತಿ ಎಳೆದು ಹಿಡಿದು, ಐಡಲ್‌ಗಿಂತ ಸ್ವಲ್ಪ ಮೇಲಿನ ವೇಗದಲ್ಲಿ ಒಂದೆರಡು ನಿಮಿಷ ಓಡಲು ಬಿಡಿ. ಹೊಗೆ ಜಾಸ್ತಿ ಬರುತ್ತೆ, ಗಾಬರಿ ಬೇಡ. ಕಾರ್ಬೊರೇಟರ್‌ಗೆ ಹೋಗುವ ಸಣ್ಣ ಪೈಪಿನಲ್ಲಿ ಗುಳ್ಳೆಯಿಲ್ಲದೆ ಎಣ್ಣೆ ತುಂಬಿರುವುದು ಕಂಡ ಮೇಲಷ್ಟೇ ಬರೀ ಪೆಟ್ರೋಲ್ ಹಾಕಿಸಿ.