ಒಂಬತ್ತು ತಿಂಗಳ ಮಗು, ಮನೆಯಲ್ಲಿ ಎರಡು ಭಾಷೆ: ಮಾತು ತಡ ಆಗುತ್ತಾ?

ಕುವೆಂಪುನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಒಂಬತ್ತು ತಿಂಗಳು. ದಿನವಿಡೀ ಬಬಬ, ದದದ ಅಂತಿರುತ್ತಾಳೆ. ನಾನೂ ನಮ್ಮ ಯಜಮಾನರೂ ಆಡೋದು ಕನ್ನಡ, ಅತ್ತೆಯವರದು ತೆಲುಗು. ಮೊನ್ನೆ ಮನೆಗೆ ಬಂದ ನೆಂಟರೊಬ್ಬರು, ಎರಡು ಭಾಷೆ ಕಿವಿಗೆ ಬಿದ್ದರೆ ಮಗುಗೆ ಮಾತು ಬರೋದು ತಡ ಆಗುತ್ತೆ, ನಿಮ್ಮತ್ತೆಗೆ ಕನ್ನಡದಲ್ಲೇ ಮಾತಾಡಿಸೋಕೆ ಹೇಳು ಅಂದರು. ಅತ್ತೆ ಬೇಜಾರು ಮಾಡಿಕೊಂಡು ಈಗ ಮಾತೇ ಕಮ್ಮಿ ಮಾಡಿದ್ದಾರೆ, ಮಗುವನ್ನು ಸುಮ್ನೆ ಎತ್ತಿಕೊಂಡು ಕೂರುತ್ತಾರೆ. ನನಗೆ ತುಂಬಾ ಸಂಕಟ ಆಗ್ತಿದೆ. ಇನ್ನೊಂದು, ರಾಗಿ ಸರಿ ತಿನ್ನಿಸುವಾಗ ಫೋನಲ್ಲಿ ಇಂಗ್ಲಿಷ್ ರೈಮ್ಸ್ ಹಾಕ್ತೀವಿ. ಅದರಿಂದ ಇಂಗ್ಲಿಷ್ ಕಿವಿಗೆ ಹತ್ತುತ್ತಾ?

ಸರಸ್ವತಿಪುರಂ ಓದುಗಿ:
ಅಕ್ಕ, ಅತ್ತೆಯವರಿಗೆ ತೆಲುಗಲ್ಲೇ ಮಾತಾಡಿಸಿ ಅಂತ ಇವತ್ತೇ ಹೇಳಿ. ಎರಡು ಭಾಷೆ ಕೇಳಿಸಿಕೊಂಡಿದ್ದಕ್ಕೇ ಯಾವ ಮಗುವಿಗೂ ಮಾತು ತಡ ಆಗಲ್ಲ. ಒಂದೊಂದು ಭಾಷೆಯಲ್ಲಿ ಪದ ಕಮ್ಮಿ ಅನ್ನಿಸಬಹುದು, ಎರಡನ್ನೂ ಕೂಡಿಸಿ ಎಣಿಸಿದರೆ ಸರಿಯಾಗಿರುತ್ತೆ.

ಈ ವಯಸ್ಸಲ್ಲಿ ಕಿವಿ ಮಾಡೋ ಕೆಲಸ ದೊಡ್ಡದು. 1984ರಲ್ಲಿ ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅನ್ನೋರ ಒಂದು ಪ್ರಯೋಗ ಪ್ರಕಟವಾಯಿತು. ಮಗು ತಾಯಿಯ ತೊಡೆ ಮೇಲೆ ಕೂತಿರುತ್ತೆ, ಸ್ಪೀಕರಿನಿಂದ ಒಂದೇ ಶಬ್ದ ಮತ್ತೆ ಮತ್ತೆ ಬರುತ್ತಿರುತ್ತೆ. ಶಬ್ದ ಬದಲಾದ ತಕ್ಷಣ ಮಗು ತಲೆ ತಿರುಗಿಸಿದರೆ ಪಕ್ಕದ ಪೆಟ್ಟಿಗೆಯಲ್ಲಿ ಬೊಂಬೆ ಬೆಳಗಿ ಆಡುತ್ತೆ. ಹಿಂದಿಯ ತ ಮತ್ತು ಟ ಕೇಳಿಸಿದಾಗ, ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಮಕ್ಕಳು ವ್ಯತ್ಯಾಸ ಹಿಡಿದವು. ಅದೇ ಇಂಗ್ಲಿಷ್ ಮನೆಯ ಹತ್ತು ಹನ್ನೆರಡು ತಿಂಗಳ ಮಕ್ಕಳಲ್ಲಿ ಹೆಚ್ಚಿನವಕ್ಕೆ ಅದು ಗೊತ್ತಾಗಲಿಲ್ಲ. ಹಿಂದಿ ಮನೆಯ ಮಕ್ಕಳಿಗೆ ಮಾತ್ರ ಒಂದು ವರ್ಷದ ಹತ್ತಿರ ಬಂದರೂ ಗೊತ್ತಾಗುತ್ತಿತ್ತು. ನಮ್ಮ ಕನ್ನಡದಲ್ಲೂ ತೆಲುಗಲ್ಲೂ ತ, ಟ ಎರಡೂ ಇವೆ, ಹಾಗಾಗಿ ನಿಮ್ಮ ಮಗಳ ಕಿವಿಗೆ ಎರಡು ಕಡೆಯಿಂದಲೂ ಬಲ. ಅಂದರೆ ಬಾಯಲ್ಲಿ ಒಂದು ಮಾತು ಬರೋ ಮೊದಲೇ ಮನೆಯಲ್ಲಿ ಆಡೋ ಶಬ್ದಗಳಿಗೆ ಕಿವಿ ಹದವಾಗ್ತಾ ಬರುತ್ತೆ. ಅಜ್ಜಿ ಸುಮ್ಮನಾದರೆ ನಷ್ಟ ಮಗುವಿಗೇ ಅಲ್ವಾ?

ರೈಲ್ವೆ ಲೇಔಟ್ ಅಪ್ಪ:
ಫೋನಿನ ವಿಷಯಕ್ಕೆ ಬರ್ತೀನಿ ಮೇಡಂ. 2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕುಲ್ ಮತ್ತು ಜೊತೆಯವರು ನಿಮ್ಮ ಮಗಳ ವಯಸ್ಸಿನ ಮಕ್ಕಳಿಗೇ ಚೀನಾದ ಮ್ಯಾಂಡರಿನ್ ಕೇಳಿಸಿದರು. ಒಂದು ಗುಂಪಿನ ಎದುರು ಮನುಷ್ಯರೇ ಕೂತು ಪುಸ್ತಕ ಓದಿ, ಆಟದ ಸಾಮಾನು ಹಿಡಿದು ಮಾತಾಡಿದರು. ಹನ್ನೆರಡೇ ಸಲ. ಇನ್ನೊಂದು ಗುಂಪಿಗೆ ಅದನ್ನೇ ಟಿವಿಯಲ್ಲಿ ತೋರಿಸಿದರು. ಎದುರಿಗೆ ಕೂತು ಕೇಳಿದ ಮಕ್ಕಳು ಮ್ಯಾಂಡರಿನ್ ಶಬ್ದಗಳ ವ್ಯತ್ಯಾಸ ಹಿಡಿದರು, ಟಿವಿ ನೋಡಿದವರಿಗೆ ಏನೂ ಹತ್ತಲಿಲ್ಲ. ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಫೋನ್ ಬೀರುವಿನೊಳಗೆ. ಮೊದಮೊದಲು ಹಟ ಮಾಡುತ್ತಾರೆ, ಬಿಡಬೇಡಿ.

ಮಂಡ್ಯದ ಅತ್ತಿಗೆ:
ಬಬಬ ಅಂತಾಳೆ ಅಂದಿರಲ್ಲ, ಅದು ಒಳ್ಳೆಯ ಗುರುತು ಕಣಮ್ಮ. ಕಿವಿ ಕೇಳಿಸದ ಮಕ್ಕಳೂ ಮೊದಲ ತಿಂಗಳುಗಳಲ್ಲಿ ಊಂ, ಆಂ ಅಂತವೆ, ಆದರೆ ಈ ಥರ ಅಕ್ಷರ ಜೋಡಿಸಿ ತೊದಲೋದು ಅವಕ್ಕೆ ತಡವಾಗುತ್ತೆ. ನಮ್ಮ ನೆಂಟರ ಪೈಕಿ ಒಂದು ಮಗು ಹಾಗೇ ಇತ್ತು. ಎಲ್ಲರೂ "ಗಂಡು ಮಕ್ಕಳಿಗೆ ಮಾತು ತಡ" ಅಂತ ಕಾಲ ತಳ್ಳಿದರು, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಇದನ್ನು ಓದೋ ಬೇರೆ ತಾಯಂದಿರಿಗೂ ಹೇಳ್ತಿದ್ದೀನಿ: ಹತ್ತು ತಿಂಗಳಾದರೂ ಹೀಗೆ ತೊದಲದಿದ್ದರೆ, ಅಥವಾ ಹೆಸರು ಕೂಗಿದರೆ ತಿರುಗದಿದ್ದರೆ, ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, ಎಳೆ ಕೂಸಿಗೂ ಪರೀಕ್ಷೆ ಮಾಡುತ್ತಾರೆ. ನೋವೇನೂ ಇಲ್ಲ, ಮಗು ಮಲಗಿರುವಾಗಲೇ ಮುಗಿಯುತ್ತೆ.

ಕುವೆಂಪುನಗರದ ಅಮ್ಮ:
ತುಂಬಾ ಥ್ಯಾಂಕ್ಸ್. ಅತ್ತೆಗೆ ಎಲ್ಲಾ ಓದಿ ಹೇಳಿದೆ, ಮತ್ತೆ ತೆಲುಗು ಶುರುವಾಗಿದೆ. ಒಂದೇ ಸಂದೇಹ. ಅವರು ಮಾತಾಡಿಸುವಾಗ ಇವಳು ಕಣ್ಣು ಬಿಟ್ಟು ಬಾಯನ್ನೇ ದಿಟ್ಟಿಸಿ ನೋಡುತ್ತಾಳೆ. ಅದು ಸರಿನಾ?

ಸರಸ್ವತಿಪುರಂ ಓದುಗಿ:
ಸರಿ ಅಕ್ಕ, ಹಾಗೇ ಆಗಬೇಕು. ನಾಲ್ಕು ತಿಂಗಳ ಮಗು ಜಾಸ್ತಿ ಕಣ್ಣು ನೋಡುತ್ತೆ, ಎಂಟು ತಿಂಗಳ ಹೊತ್ತಿಗೆ ನೋಟ ಬಾಯಿಗೆ ಇಳಿಯುತ್ತೆ, ತಾನೂ ಶಬ್ದ ಮಾಡಲು ಹೊರಟಿದೆಯಲ್ಲ. ಎರಡು ಭಾಷೆಯ ಮಕ್ಕಳು ಬಾಯನ್ನು ಇನ್ನೂ ಜಾಸ್ತಿ ನೋಡುತ್ತಾರೆ. ತುತ್ತು ಕೊಡುವಾಗ ಎದುರಿಗೇ ಕೂರಿಸಿಕೊಳ್ಳಿ, ಬೆಳಕು ಅಜ್ಜಿಯ ಮುಖದ ಮೇಲೆ ಬೀಳಲಿ.