ಹೆಸರಿಲ್ಲದವರು ಬಂದು ಪುಟ ಕೆಡಿಸ್ತಾರೆ, ನೀವೇನು ಮಾಡಿದ್ರಿ?

ಕೇಳಿದವರು, ಬಾಗಲಕೋಟೆ:
ನಮ್ಮೂರಿನ ವಿಕಿಪೀಡಿಯಾ ಪುಟವನ್ನು ನಾವು ಮೂವರು ಗೆಳೆಯರು ಸೇರಿ ಬೆಳೆಸುತ್ತಿದ್ದೇವೆ. ಯಾರೋ ಒಬ್ಬ ಲಾಗಿನ್ ಆಗದೆ ಬಂದು ಒಂದು ಜಾತಿಯವರನ್ನು ಬೈದು ಹೋಗುತ್ತಾನೆ. ಅಳಿಸಿದರೆ ಮರುದಿನ ಮತ್ತೆ ಹಾಜರ್. ನಿಜವಾದ ಹೆಸರು, ಮೊಬೈಲ್ ನಂಬರ್ ಕೊಟ್ಟವರಿಗೆ ಮಾತ್ರ ಬರೆಯಲು ಬಿಡಬೇಕು ಅಂತ ಗೆಳೆಯರ ವಾದ. ನಿಮ್ಮ ಅನುಭವ ಹೇಳಿ.

ಬೆಳಗಾವಿಯಿಂದ:
ತಮ್ಮಾ, ನಂಬರ್ ಕೇಳುವ ಮಾತು ಮಾತ್ರ ಬೇಡ. ನಾನೂ ಮೊದಲು ಸ್ವಂತ ಹೆಸರಲ್ಲೇ ಬರೆಯುತ್ತಿದ್ದವನು. ನಮ್ಮೂರು ಬೆಳಗಾಂ ಹೋಗಿ ಬೆಳಗಾವಿ ಆಗಿದ್ದು 2014ರ ನವೆಂಬರ್ 1ಕ್ಕೆ, ಗಡಿ ಕೇಸು ಸುಪ್ರೀಂ ಕೋರ್ಟಿಗೆ ಹೋಗಿದ್ದು 2004ರಲ್ಲಿ, ಇಲ್ಲಿ ಊರಿನ ಹೆಸರು ಬರೆದರೂ ಜಗಳ ಅಂತ ನಿಮಗೆ ಗೊತ್ತಲ್ಲ. ಗಡಿ ವಿಷಯಕ್ಕೆ ಬಂದ 1967ರ ಮಹಾಜನ ವರದಿ ಬಗ್ಗೆ ಎರಡೇ ಸಾಲು ಸೇರಿಸಿದ್ದೆ, ಅದೂ ಆಧಾರ ಕೊಟ್ಟು. ಮೂರನೇ ದಿನ ನನ್ನ ಝೆರಾಕ್ಸ್ ಅಂಗಡಿಗೆ ಫೋನ್ ಬಂತು. "ಅಂಗಡಿ ಬೋರ್ಡ್ ಚಂದ ಐತ್ರಿ, ಹಂಗ ಇರ್ಲಿ." ಅಷ್ಟೇ, ಇಟ್ಟುಬಿಟ್ಟ. ದನಿ ಕೂಡ ಏರಿಸಲಿಲ್ಲ. (ಯಾವ ಭಾಷೆಯವನು ಅಂತ ಎಲ್ಲರೂ ಕೇಳ್ತಾರೆ. ಅಚ್ಚ ಕನ್ನಡದವನೇ.) ಅವತ್ತಿನಿಂದ ಅಡ್ಡಹೆಸರಿನ ಖಾತೆ ಮಾಡಿಕೊಂಡೆ, ಈಗಲೂ ಅದರಲ್ಲೇ ಬರೆಯುತ್ತೇನೆ.

ಇನ್ನೊಂದು ವಿಷಯ. ಲಾಗಿನ್ ಆಗದೆ ಬರೆದರೆ ಹಿಂದೆ ಐಪಿ ವಿಳಾಸ, ಅಂದರೆ ನಮ್ಮ ನೆಟ್ ಸಂಪರ್ಕದ ಗುರುತಿನ ಸಂಖ್ಯೆ, ಊರಿಗೆಲ್ಲ ಕಾಣುತ್ತಿತ್ತು, ಅಡ್ಡಹೆಸರಿನವನೇ ಅವನಿಗಿಂತ ಜಾಸ್ತಿ ಮರೆಯಲ್ಲಿದ್ದ. ಈಗ ಲಾಗಿನ್ ಆಗದವರಿಗೆ ತಾನಾಗೇ ಸಿಗುವ ತಾತ್ಕಾಲಿಕ ಖಾತೆ ಬಂದಿದೆ, 90 ದಿನ ಇರುತ್ತದೆ, ಐಪಿ ನಿರ್ವಾಹಕರಿಗೆ ಮತ್ತು ಅನುಮತಿ ಪಡೆದ ಕೆಲವರಿಗಷ್ಟೇ ಕಾಣುತ್ತದೆ. ಅರಳಿಕಟ್ಟೆಯಲ್ಲಿ (ಕನ್ನಡ ವಿಕಿಪೀಡಿಯಾದ ಎಲ್ಲರ ಚರ್ಚೆಯ ಪುಟ) ಬರೆದು ಕೇಳಿ, ಹೊಸಬರು ತಿದ್ದದ ಹಾಗೆ ಕೆಲವು ವಾರ ಪುಟಕ್ಕೆ ಬೀಗ ಹಾಕ್ತಾರೆ. ಬೈಯುವವನಿಗೆ ಅಷ್ಟು ತಾಳ್ಮೆ ಇರೋದಿಲ್ಲ ಬಿಡಿ.

ವಿಜಯಪುರದಿಂದ:
ಐಪಿ ಬ್ಲಾಕ್ ಮಾಡಿಸುವ ಮುಂಚೆ ಯೋಚನೆ ಮಾಡಿ. ಕಾಲೇಜಿನಲ್ಲಿ ಗೋಳಗುಮ್ಮಟದ ಪುಟ ತಿದ್ದಿಸೋಣ ಅಂತ ಮೂವತ್ತು ಹುಡುಗರನ್ನು ಲ್ಯಾಬಿನಲ್ಲಿ ಕೂರಿಸಿದ್ದೆ. ಹಿಂದಿನ ವಾರ ಯಾವನೋ ಅಲ್ಲಿಂದಲೇ ಕಿತಾಪತಿ ಮಾಡಿದ್ದನಂತೆ, ಇಡೀ ಕಾಲೇಜಿನ ಐಪಿ ಬ್ಲಾಕ್ ಆಗಿತ್ತು. ಚಹಾ ಕುಡಿಸಿ ಮನೆಗೆ ಕಳಿಸಿದೆ. ಮೊಬೈಲ್ ನೆಟ್ಟಿನಲ್ಲಂತೂ ಒಂದೇ ಐಪಿಯನ್ನು ಎಷ್ಟೋ ಜನ ಹಂಚಿಕೊಂಡಿರುತ್ತಾರೆ.

ಜಮಖಂಡಿಯಿಂದ:
ಅಣ್ಣಾವ್ರು ಹೇಳಿದಷ್ಟು ಸಲೀಸಲ್ಲ ಇದು. ನಾನು ಟೀಚರ್. ನಮ್ಮೂರಿನ ಪುಟದಲ್ಲಿ ಒಬ್ಬ ನನ್ನ ಹೆಸರು, ನಂಬರ್ ಹಾಕಿ ಕೆಳಗೆ ಕೆಟ್ಟದಾಗಿ ಬರೆದಿದ್ದ. ನಾನು ಅಳಿಸಿ, ಮುಗೀತು ಅಂದುಕೊಂಡೆ. ರಾತ್ರಿ ಹನ್ನೊಂದು ಕರೆ ಬಂದವು. ಆಮೇಲೆ ಗೊತ್ತಾಯಿತು, ಪುಟದಿಂದ ಅಳಿಸಿದರೂ ಇತಿಹಾಸದಲ್ಲಿ ಹಳೇ ಆವೃತ್ತಿ ಹಾಗೇ ಕೂತಿರುತ್ತದೆ. ಅದನ್ನು ಮರೆಮಾಡಿಸಲು ಬೇರೆಯೇ ಕೇಳಬೇಕು, ಅದೂ ಎಲ್ಲರಿಗೂ ಕಾಣುವ ಚರ್ಚೆಯಲ್ಲಲ್ಲ, ಇಮೇಲ್‌ನಲ್ಲಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ದೂರು ಕೊಟ್ಟೆ. ತಡ ಮಾಡಬೇಡಿ, ವಿಕಿಪೀಡಿಯಾದಲ್ಲಿ ಐಪಿ ದಾಖಲೆ ಇಡೋದು 90 ದಿನ ಮಾತ್ರ.

ನಿಮ್ಮ ಗೆಳೆಯರ ಸಿಟ್ಟು ನನಗೆ ಅರ್ಥವಾಗುತ್ತದೆ, ನಾನೂ ಆಗ ಅದನ್ನೇ ಹೇಳಿದ್ದೆ. ಆದರೆ ದಕ್ಷಿಣ ಕೊರಿಯಾದಲ್ಲಿ 2007ರಲ್ಲಿ ದೊಡ್ಡ ಸೈಟುಗಳಿಗೆ ನಿಜ ಹೆಸರಿನ ಕಾನೂನು ತಂದರು. 2011ರಲ್ಲಿ ಅಲ್ಲಿನ ನೇಟ್, ಸೈವರ್ಲ್ಡ್ ಸೈಟುಗಳಿಂದ ಮೂರೂವರೆ ಕೋಟಿ ಜನರ ಮಾಹಿತಿ ಕಳುವಾಯಿತು, ಮರುವರ್ಷ ಕೋರ್ಟೇ ಆ ಕಾನೂನನ್ನು ರದ್ದು ಮಾಡಿತು. ಒಂದು ನಂಬರ್ ಹೊರಬಿದ್ದದ್ದಕ್ಕೆ ನಾನು ಸಿಮ್ ಬದಲಿಸಿದವಳು, ಇನ್ನು ಎಲ್ಲರ ನಂಬರ್ ಒಂದೇ ಕಡೆ ಇಡೋದು ಅಂದರೆ!

ಕೇಳಿದವರು:
ಅರಳಿಕಟ್ಟೆಯಲ್ಲಿ ಬರೆದೆ, ಪುಟಕ್ಕೆ ಒಂದು ತಿಂಗಳು ಬೀಗ ಬಿದ್ದಿದೆ. ಅಕ್ಕಾ, ಹಳೇ ಆವೃತ್ತಿಯ ವಿಷಯ ನನಗೆ ಗೊತ್ತೇ ಇರಲಿಲ್ಲ, ಆ ಬೈಗುಳವನ್ನೂ ಮರೆಮಾಡಿ ಅಂತ ಕೇಳಿದ್ದೇನೆ. ಒಬ್ಬ ಗೆಳೆಯ ಇನ್ನೂ ಒಪ್ಪಿಲ್ಲ. ಸರಿ, ಮೊದಲು ನಿನ್ನ ನಂಬರ್ ಹಾಕು ಅಂದೆ. ಊಟ ಆಯ್ತಾ ಅಂತ ಕೇಳಿದ.